ಮಧ್ಯಮ ತೂಕದ ವಾದಕ: ಹ್ಯಾಂಕ್ ಮೋಬ್ಲಿಯ ‘ಸೋಲ್ ಸ್ಟೇಷನ್’

ಹೊಗಳಿಕೆಯ ಮಾತೊಂದು ಕಾಲ ಸರಿದಂತೆ ತೀರ್ಪಾಗಿ ಗಟ್ಟಿಗೊಳ್ಳುವುದುಂಟು. ಜಾಝ್ ವಿಮರ್ಶಕ ಲೆನರ್ಡ್ ಫೆದರ್ ಅವರು ಹ್ಯಾಂಕ್ ಮೋಬ್ಲಿಯನ್ನು ಟೆನರ್ ಸ್ಯಾಕ್ಸೊಫೋನಿನ ‘ಮಧ್ಯಮ ತೂಕದ ಚಾಂಪಿಯನ್’ ಎಂದು ಕರೆದಾಗ ಅವರು ಹೇಳಹೊರಟದ್ದು ನಾದದ ತೂಕದ ಬಗ್ಗೆ. ಮುಷ್ಟಿಯುದ್ಧದಲ್ಲಿ ಭಾರದ ವರ್ಗ, ಹಗುರ ವರ್ಗ, ಇವೆರಡರ ನಡುವಿನ ವರ್ಗ ಎಂದಿರುವಂತೆ ಟೆನರ್ ವಾದಕರಲ್ಲಿಯೂ ಉಂಟು. ಜಾನ್ ಕೋಲ್ಟ್ರೇನನ ಉಕ್ಕಿನಂಥ ನಾದ ಒಂದು ತುದಿಗೆ, ಸ್ಟ್ಯಾನ್ ಗೆಟ್ಜ್‌ನ ಹತ್ತಿಯಂಥ ನಾದ ಮತ್ತೊಂದು ತುದಿಗೆ. ಮೋಬ್ಲಿ ನಡುವೆ ನಿಂತವನು. ಆ ನಡುವಿನಲ್ಲಿ ಅವನಿಗೆ ಎದುರಾಳಿಯಿಲ್ಲ. ಮಾತಿನ ಅರ್ಥ ಇಷ್ಟೇ. ಆದರೆ ‘ಮಧ್ಯಮ’ ಎಂಬ ವಿಶೇಷಣ ಪರೀಕ್ಷೆಯ ಅಂಕಪಟ್ಟಿಯಿಂದ ಹಿಡಿದು ಕಾವ್ಯವಿಮರ್ಶೆಯವರೆಗೆ ಎಲ್ಲಿ ಬಂದರೂ ತುಸು ಕೆಳದನಿಯಲ್ಲಿಯೇ ಬರುತ್ತದೆ. ಮುಂದೆ ಮೋಬ್ಲಿಯ ವಿಷಯ ಬರೆದವರಲ್ಲಿ ಹಲವರು ‘ಚಾಂಪಿಯನ್’ ಎಂಬುದನ್ನು ಕೈಬಿಟ್ಟು ‘ಮಧ್ಯಮ’ವನ್ನಷ್ಟೇ ಉಳಿಸಿಕೊಂಡರು. ಕಲೆಯ ಚರಿತ್ರೆ ಯಾರನ್ನು ಯಾವ ತಕ್ಕಡಿಯಲ್ಲಿ ತೂಗುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿದಂತೆ ಜಾಝ್ ಲೋಕದಲ್ಲಿ ಬೇರೊಂದಿಲ್ಲ.

ಈ ಬರಹದ ವಸ್ತು ಅವನ ಒಂದೇ ಒಂದು ಧ್ವನಿಮುದ್ರಿಕೆ. 1960ರ ಫೆಬ್ರವರಿ 7ರ ಭಾನುವಾರ, ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್ ಎಂಬಲ್ಲಿ, ನಾಲ್ವರು ಕಲಾವಿದರು ಸೇರಿ ಆರು ರಚನೆಗಳನ್ನು ನುಡಿಸಿದರು. ಒಟ್ಟು ಸುಮಾರು 37 ನಿಮಿಷಗಳ ಸಂಗೀತ. ಅದೇ ವರ್ಷ ಬ್ಲೂ ನೋಟ್ ಕಂಪನಿ ತನ್ನ 4031ನೆಯ ಸಂಖ್ಯೆಯ ಎಲ್‌ಪಿಯಾಗಿ ಅದನ್ನು ಹೊರತಂದಿತು. ಹೆಸರು ‘ಸೋಲ್ ಸ್ಟೇಷನ್’. ಇಂಗ್ಲಿಷಿನ ಆತ್ಮವಾಚಕ ಪದ ಕನ್ನಡ ಲಿಪಿಗೆ ಇಳಿದೊಡನೆ ನಮ್ಮ ಕಿವಿಗೆ ‘ಸೋಲು’ ಎಂದು ಕೇಳಿಸುತ್ತದೆ. ಇದು ಭಾಷೆಯ ಆಕಸ್ಮಿಕವೇ ಹೊರತು ಬೇರೇನಲ್ಲ. ಆದರೂ ಆ ಮನುಷ್ಯನ ಬದುಕನ್ನು ಬಲ್ಲವರಿಗೆ ಈ ಶ್ಲೇಷ ಒಂದು ಕ್ಷಣ ಚುಚ್ಚದೆ ಇರದು.

ಮೋಬ್ಲಿ ಹುಟ್ಟಿದ್ದು 1930ರ ಜುಲೈ 7ರಂದು, ಜಾರ್ಜಿಯಾ ರಾಜ್ಯದ ಈಸ್ಟ್‌ಮನ್ ಎಂಬ ಚಿಕ್ಕ ಊರಿನಲ್ಲಿ. ಬೆಳೆದದ್ದು ನ್ಯೂಯಾರ್ಕಿಗೆ ಸಮೀಪದ ನ್ಯೂಜೆರ್ಸಿಯ ಎಲಿಜಬೆತ್ ನಗರದಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ಏಳು ದಶಕಗಳಲ್ಲಿ ದಕ್ಷಿಣದ ಹತ್ತಿಹೊಲಗಳನ್ನೂ ವರ್ಣಭೇದದ ಕಾನೂನುಗಳನ್ನೂ ಬಿಟ್ಟು ಉತ್ತರದ ಕೈಗಾರಿಕಾ ನಗರಗಳಿಗೆ ನಡೆದುಬಂದ ಕಪ್ಪು ಜನರ ಸಂಖ್ಯೆ ಸುಮಾರು 60 ಲಕ್ಷ. ಊರು ಬಿಟ್ಟವರು ಜೊತೆಗೆ ಏನನ್ನು ಒಯ್ಯುತ್ತಾರೆ ಎಂಬುದು ಹೊರನಾಡಿನಲ್ಲಿ ಬಾಳುತ್ತಿರುವ ನಮಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ನಮ್ಮದು ಬಹುಮಟ್ಟಿಗೆ ಉದ್ಯೋಗಕ್ಕಾಗಿ ಬಂದ ವಲಸೆ, ಅವರದು ಪ್ರಾಣಕ್ಕೂ ಮಾನಕ್ಕೂ ಅಂಜಿ ಹೊರಟದ್ದು; ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಸಲ್ಲದು. ಅವರು ಒಯ್ದದ್ದು ಇಗರ್ಜಿಯ ಹಾಡು ಮತ್ತು ಬ್ಲೂಸ್. ಮೋಬ್ಲಿಗೆ ಹದಿನಾರರ ವಯಸ್ಸಿನಲ್ಲಿ ಕಾಯಿಲೆ ತಗುಲಿ ತಿಂಗಳುಗಟ್ಟಲೆ ಮನೆಯಲ್ಲಿಯೇ ಉಳಿಯಬೇಕಾಯಿತು. ಹುಡುಗನ ಬೇಸರ ಕಳೆಯಲು ಸ್ಯಾಕ್ಸೊಫೋನ್ ಕೊಡಿಸೋಣವೆಂದು ಸೂಚಿಸಿದವಳು ಅವನ ಅಜ್ಜಿ. ಇಪ್ಪತ್ತೊಂದು ವರ್ಷವಾಗುವ ಹೊತ್ತಿಗೆ ಅವನು ಡ್ರಮ್ ವಾದಕ ಮ್ಯಾಕ್ಸ್ ರೋಚ್‌ನ ತಂಡದಲ್ಲಿದ್ದ. 1954ರಲ್ಲಿ ಡಿಝಿ ಗಿಲೆಸ್ಪಿಯ ತಂಡದಲ್ಲಿ.

ಇಲ್ಲಿ ‘ಹಾರ್ಡ್ ಬಾಪ್’ ಎಂಬ ಹೆಸರಿನ ಹಿನ್ನೆಲೆಯನ್ನು ಹೇಳಬೇಕು. 1940ರ ದಶಕದ ನಡುವೆ ಚಾರ್ಲಿ ಪಾರ್ಕರ್ ಮತ್ತು ಗಿಲೆಸ್ಪಿ ರೂಪಿಸಿದ ಬೀಬಾಪ್ ಶೈಲಿ ಜಾಝನ್ನು ಕುಣಿತದ ಸಭಾಂಗಣದಿಂದ ಬಿಡಿಸಿ ಕೇಳುವ ಸಂಗೀತವನ್ನಾಗಿ ಮಾಡಿತು. ವೇಗ, ಜಟಿಲ ಸ್ವರಸಂಗತಿ, ವಿದ್ವತ್ತು ಅದರ ಲಕ್ಷಣಗಳು. ಅದರ ಬೆನ್ನಿಗೇ ತಣ್ಣನೆಯ, ಅಂಚುಗಳನ್ನು ನಯಗೊಳಿಸಿದ ‘ಕೂಲ್’ ಶೈಲಿ ಬಂದು, ಕ್ಯಾಲಿಫೋರ್ನಿಯಾದ ಬಿಳಿಯ ವಾದಕರಲ್ಲಿ ವಿಶೇಷವಾಗಿ ನೆಲೆಯೂರಿತು. ಈ ಎರಡಕ್ಕೂ ಉತ್ತರವೆಂಬಂತೆ ನ್ಯೂಯಾರ್ಕ್, ಫಿಲಡೆಲ್ಫಿಯಾ, ಡೆಟ್ರಾಯಿಟ್ ನಗರಗಳ ಕಪ್ಪು ತರುಣರು 1950ರ ದಶಕದ ನಡುವಿನಲ್ಲಿ ಕಟ್ಟಿದ್ದು ಹಾರ್ಡ್ ಬಾಪ್. ಬೀಬಾಪಿನ ವ್ಯಾಕರಣವನ್ನು ಅವರು ಬಿಡಲಿಲ್ಲ. ಅದರ ಬಾಯಿಗೆ ಮನೆಮಾತನ್ನು ಹಾಕಿದರು. ಭಾನುವಾರದ ಪ್ರಾರ್ಥನೆಯ ಚಪ್ಪಾಳೆ, ಪಾದ್ರಿ ಕರೆದರೆ ಜನ ಓಗೊಡುವ ರೀತಿ, ಬ್ಲೂಸಿನ ಎಳೆತ ಇವೆಲ್ಲ ಮರಳಿ ಬಂದವು. ನಡುಗನ್ನಡದ ಕವಿಗಳು ಮಾರ್ಗದ ಪಾಂಡಿತ್ಯವನ್ನು ಬಲ್ಲವರಾಗಿಯೇ ದೇಸಿಯ ಕಡೆಗೆ ಹೊರಳಿದ್ದನ್ನು ನೆನೆದರೆ ಈ ತಿರುವಿನ ಸ್ವಭಾವ ನಮ್ಮವರಿಗೆ ಬೇಗ ಹಿಡಿಸೀತು.

ಆ ತಿರುವಿನ ಮೊದಲ ಅಡ್ಡೆಯಲ್ಲಿಯೇ ಮೋಬ್ಲಿ ಇದ್ದ. ಪಿಯಾನೊ ವಾದಕ ಹೊರೇಸ್ ಸಿಲ್ವರ್ ಮತ್ತು ಡ್ರಮ್ ವಾದಕ ಆರ್ಟ್ ಬ್ಲೇಕಿ ಕೂಡಿ ನಡೆಸಿದ ಜಾಝ್ ಮೆಸೆಂಜರ್ಸ್ ತಂಡದ ಟೆನರ್ ವಾದಕ ಅವನೇ. ಟ್ರಂಪೆಟ್ ಕೆನ್ನಿ ಡಾರಮ್‌ನದು, ಬೇಸ್ ಡಗ್ ವಾಟ್ಕಿನ್ಸ್‌ನದು. 1955ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕೆಫೆ ಬೊಹೀಮಿಯಾದಲ್ಲಿ ಈ ಐವರು ನುಡಿಸಿದ್ದನ್ನು ಬ್ಲೂ ನೋಟ್ ಮುದ್ರಿಸಿಕೊಂಡಿತು. ಮರುವರ್ಷ ತಂಡ ಒಡೆಯಿತು. ಹೆಸರು ಬ್ಲೇಕಿಯ ಪಾಲಿಗೆ ಉಳಿಯಿತು, ಮೋಬ್ಲಿ ಸಿಲ್ವರ್‌ನ ಜೊತೆ ಹೊರಟ. 1959ರಲ್ಲಿ ಕೆಲಕಾಲ ಮತ್ತೆ ಬ್ಲೇಕಿಯ ತಂಡಕ್ಕೆ ಮರಳಿದನಾದರೂ ಅಲ್ಲಿ ಉಳಿಯಲಿಲ್ಲ. ಆ ಸ್ಥಾನಕ್ಕೆ ವೇಯ್ನ್ ಶಾರ್ಟರ್ ಬಂದ. ಹೊಸ ಪಂಥವೊಂದನ್ನು ಕಟ್ಟಿದವರಲ್ಲಿ ಒಬ್ಬನಾಗಿದ್ದೂ ಅದರ ಮುಖವಾಗದೆ ಉಳಿದದ್ದು ಅವನ ಬದುಕಿನಲ್ಲಿ ಹೀಗೆ ಮತ್ತೆ ಮತ್ತೆ ನಡೆಯಿತು.

ಇನ್ನು ವಾದ್ಯದ ಮಾತು. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯ ಮೊದಲು ಹೊಕ್ಕದ್ದು ಸೇನೆಯ ಬ್ಯಾಂಡುಗಳನ್ನು. ನಮ್ಮ ಕಡೆಗೆ ಅದು ಬಂದದ್ದೂ ಆ ದಾರಿಯಲ್ಲಿಯೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತ ನಾಗಸ್ವರ ವಾದಕರ ಮಗ ಕದ್ರಿ ಗೋಪಾಲನಾಥ್ ಅವರು ಮುಂದೆ ಅದನ್ನು ಕರ್ನಾಟಕ ಸಂಗೀತದ ಕಛೇರಿಗೆ ತಂದು ಕೂರಿಸಿದರು. 1980ರಲ್ಲಿ ಮುಂಬಯಿಯ ‘ಜಾಝ್ ಯಾತ್ರಾ’ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಅವರೊಡನೆ ಕದ್ರಿಯವರು ನುಡಿಸಿದ್ದು ಈ ಎರಡು ಪರಂಪರೆಗಳು ನಮ್ಮ ನೆಲದಲ್ಲಿ ಮುಖಾಮುಖಿಯಾದ ಒಂದು ಸಂದರ್ಭ. ಕರಾವಳಿಯ ಮದುವೆಯ ಚಪ್ಪರದಲ್ಲಿಯೂ ದೇವಸ್ಥಾನದ ಉತ್ಸವದಲ್ಲಿಯೂ ಸ್ಯಾಕ್ಸೊಫೋನ್ ಕೇಳಿ ಬೆಳೆದ ಕನ್ನಡಿಗನಿಗೆ ಅದು ಮಂಗಳವಾದ್ಯ. ಕದ್ರಿಯವರದು ಆಲ್ಟೊ, ಮೋಬ್ಲಿಯದು ಅದಕ್ಕಿಂತ ದೊಡ್ಡದಾದ, ತಗ್ಗಿನ ಶ್ರುತಿಯ ಟೆನರ್. ಮನುಷ್ಯನ ಗಂಡುದನಿಗೆ ಇದಕ್ಕಿಂತ ಹತ್ತಿರದ ಗಾಳಿವಾದ್ಯ ಸಿಗುವುದು ಕಷ್ಟ. ಮೋಬ್ಲಿಯ ಟೆನರ್ ಅಂತೂ ಭಾಷಣ ಮಾಡುವವನ ದನಿಯಲ್ಲ; ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಮಾತಾಡುವವನ ದನಿ. ತನ್ನ ನಾದ ದೊಡ್ಡದೂ ಅಲ್ಲ ಚಿಕ್ಕದೂ ಅಲ್ಲ, ದುಂಡಗಿನದು ಎಂಬರ್ಥದಲ್ಲಿ ಅವನೇ ಅದನ್ನು ಬಣ್ಣಿಸಿಕೊಂಡದ್ದುಂಟು.

ಬ್ಲೂ ನೋಟ್ ಕಂಪನಿಯನ್ನು 1939ರಲ್ಲಿ ಆರಂಭಿಸಿದವನು ಬರ್ಲಿನ್ನಿನಿಂದ ವಲಸೆ ಬಂದ ಯಹೂದಿ ಆಲ್ಫ್ರೆಡ್ ಲಯನ್. ಅವನ ಬಾಲ್ಯದ ಗೆಳೆಯ, ಛಾಯಾಗ್ರಾಹಕ ಫ್ರಾನ್ಸಿಸ್ ವುಲ್ಫ್ ನಾಜಿಗಳಿಂದ ಪಾರಾಗಿ ಅದೇ ವರ್ಷ ಬಂದು ಜೊತೆಗೂಡಿದ. ಬೇರೆ ಸಣ್ಣ ಕಂಪನಿಗಳು ವಾದಕರನ್ನು ನೇರವಾಗಿ ಸ್ಟುಡಿಯೊಗೆ ಕರೆದು ಸಿಕ್ಕಿದ್ದನ್ನು ಮುದ್ರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಇವರು ತಾಲೀಮಿಗೂ ಸಂಭಾವನೆ ಕೊಡುತ್ತಿದ್ದರು. ಧ್ವನಿಗ್ರಹಣ ಮಾಡುತ್ತಿದ್ದವನು ರೂಡಿ ವ್ಯಾನ್ ಗೆಲ್ಡರ್. ವೃತ್ತಿಯಿಂದ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವನು. ಹ್ಯಾಕನ್‌ಸ್ಯಾಕಿನ ತನ್ನ ತಂದೆತಾಯಿಯರ ಮನೆಯ ಪಡಸಾಲೆಯನ್ನೇ ಸ್ಟುಡಿಯೊ ಮಾಡಿಕೊಂಡಿದ್ದವನು. ಕನ್ನಡಕದ ಕೆಲಸ ಬಿಟ್ಟು 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಎತ್ತರದ ಮರದ ಮಾಡಿನ ಹೊಸ ಸ್ಟುಡಿಯೊ ಕಟ್ಟಿಸಿದ. ಅದು ಆರಂಭವಾಗಿ ವರ್ಷ ತುಂಬುವ ಮೊದಲೇ ಮೋಬ್ಲಿಯ ಈ ಮುದ್ರಣ ನಡೆಯಿತು. ಇದಕ್ಕೆ ಸರಿಯಾಗಿ ಆರು ದಿನ ಮೊದಲು, ಫೆಬ್ರವರಿ 1ರಂದು, ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯ ಮುಂದೆ ಕುಳಿತು ಏಳಲೊಲ್ಲೆವೆಂದಿದ್ದರು. ಆ ಘಟನೆಗೂ ಈ ಸಂಗೀತಕ್ಕೂ ನೇರ ಸಂಬಂಧ ಕಲ್ಪಿಸುವುದು ಅತಿಯಾದೀತು. ಆದರೆ ‘ಸೋಲ್’ ಎಂಬ ಪದವನ್ನು ಕಪ್ಪು ಜನ ತಮ್ಮ ಗುರುತಿನ ಪದವಾಗಿ ಹೆಮ್ಮೆಯಿಂದ ಎತ್ತಿಕೊಳ್ಳುತ್ತಿದ್ದ ದಿನಗಳವು ಎಂಬುದನ್ನು ಮರೆಯುವಂತಿಲ್ಲ.

ಮೋಬ್ಲಿಯ ಜೊತೆಗಿದ್ದವರು ಮೂವರು: ಪಿಯಾನೊದಲ್ಲಿ ವಿಂಟನ್ ಕೆಲಿ, ಬೇಸ್‌ನಲ್ಲಿ ಪಾಲ್ ಚೇಂಬರ್ಸ್, ಡ್ರಮ್ಸ್‌ನಲ್ಲಿ ಆರ್ಟ್ ಬ್ಲೇಕಿ. ಮೊದಲಿಬ್ಬರು ಆಗ ಮೈಲ್ಸ್ ಡೇವಿಸ್‌ನ ತಂಡದವರು. ಚೇಂಬರ್ಸ್‌ಗೆ 24 ವರ್ಷ, ಕೆಲಿಗೆ 28, ಮೋಬ್ಲಿಗೆ 29, ಬ್ಲೇಕಿಗೆ 40.

ಚರಿತ್ರೆಯ ದೃಷ್ಟಿಯಿಂದ ಬಹುಮುಖ್ಯವಾದ, ಆದರೆ ಸಾಕಷ್ಟು ಗಮನ ಪಡೆಯದ ಸಂಗತಿಯೊಂದು ಇಲ್ಲಿದೆ. ಇದೇ ಮೂವರು ಮೂರು ವರ್ಷಗಳ ಹಿಂದೆ, 1957ರ ಏಪ್ರಿಲ್ 6ರಂದು, ಇದೇ ಕಂಪನಿಗಾಗಿ ಮೋಬ್ಲಿಗೆ ಸಾಥ್ ನೀಡಿದ್ದರು. ಅದು ಜಾನಿ ಗ್ರಿಫಿನ್‌ನ ‘ಎ ಬ್ಲೋಯಿಂಗ್ ಸೆಷನ್’ ಎಂಬ ಮುದ್ರಿಕೆ. ಅಲ್ಲಿ ಟೆನರ್ ವಾದಕರು ಮೂವರು: ಗ್ರಿಫಿನ್, ಕೋಲ್ಟ್ರೇನ್ ಮತ್ತು ಮೋಬ್ಲಿ. ಟ್ರಂಪೆಟ್ ಲೀ ಮಾರ್ಗನ್‌ನದು. ಗ್ರಿಫಿನ್ ಆ ಕಾಲದ ಅತಿವೇಗದ ಟೆನರ್ ವಾದಕರಲ್ಲಿ ಒಬ್ಬ. ಕೋಲ್ಟ್ರೇನ್ ಸ್ವರಗಳನ್ನು ಜಡಿಮಳೆಯಂತೆ ಸುರಿಸುವುದನ್ನು ರೂಢಿಸಿಕೊಳ್ಳುತ್ತಿದ್ದ. ಇವರಿಬ್ಬರ ನಡುವೆ ಮೋಬ್ಲಿಯ ಸರದಿ ಬಂದಾಗ, ಓಟದ ಪಂದ್ಯದಲ್ಲಿ ಯಾರೋ ಒಬ್ಬರು ನಡೆಯುತ್ತಿದ್ದಾರೇನೋ ಎನಿಸುವುದು ಸುಳ್ಳಲ್ಲ. ಅಲ್ಲಿಯ ಅಳತೆಗೋಲು ವೇಗ ಮತ್ತು ಬಲ. ಅದೇ ಪಿಯಾನೊ, ಅದೇ ಬೇಸ್, ಅದೇ ಡ್ರಮ್ಸ್. 1960ರಲ್ಲಿ ಪಂದ್ಯ ತೆಗೆದುಹಾಕಿ ಅವನೊಬ್ಬನನ್ನೇ ನಿಲ್ಲಿಸಿದಾಗ ಆ ನಡಿಗೆಯೇ ವಿದ್ವತ್ತಾಗಿ ಕೇಳುತ್ತದೆ. ಬದಲಾದದ್ದು ವಾದಕನಿಗಿಂತ ಹೆಚ್ಚಾಗಿ ಕೇಳುವವರ ಕೈಯ ತಕ್ಕಡಿ ಎಂಬುದು ನಮ್ಮ ವಾದ. ಎರಡು ಮುದ್ರಿಕೆಗಳನ್ನೂ ಒಂದೇ ಸಂಜೆ ಕೇಳಿದರೆ ಈ ಮಾತು ಸ್ಪಷ್ಟವಾದೀತು.

ಮುದ್ರಿಕೆಯ ಮೊದಲ ರಚನೆ ‘ರಿಮೆಂಬರ್’. ಇರ್ವಿಂಗ್ ಬರ್ಲಿನ್ 1925ರಲ್ಲಿ ಬರೆದ ಜನಪ್ರಿಯ ಹಾಡು ಅದು. ಕೊಟ್ಟ ಮಾತನ್ನು ಮರೆತ ಪ್ರಿಯರನ್ನು ಕುರಿತ ಅಳಲು. ಮೂಲದಲ್ಲಿ ಅದು ಮೂರರ ನಡೆಯ ವಾಲ್ಟ್ಜ್. ಮೋಬ್ಲಿ ಅದನ್ನು ನಾಲ್ಕರ ನಡೆಗೆ ತಿರುಗಿಸಿದ. ನಮ್ಮಲ್ಲಿ ರೂಪಕತಾಳದ ಕೃತಿಯೊಂದನ್ನು ಆದಿತಾಳಕ್ಕೆ ಕೂರಿಸಿದರೆ ಭಾವವೇ ಹೇಗೆ ಬೇರೆಯಾಗುವುದೋ ಹಾಗೆ ಇಲ್ಲಿ ಅಳಲು ಹೋಗಿ ಒಂದು ಬಗೆಯ ನಸುನಗೆ ಬಂದಿದೆ: ಮರೆತೆಯಾ, ಇರಲಿ ಬಿಡು ಎಂಬ ಧಾಟಿ. ಗಮನಿಸಬೇಕಾದದ್ದು ಅವನು ಸ್ವರವನ್ನು ಇಡುವ ಜಾಗ. ಬೇಸ್ ಮತ್ತು ಡ್ರಮ್ಸ್ ತಾಳವನ್ನು ಗಡಿಯಾರದಂತೆ ನಡೆಸುತ್ತಿರುವಾಗ ಮೋಬ್ಲಿಯ ಸ್ವರ ಬಡಿತದ ಮೇಲೆ ಬೀಳುವುದಿಲ್ಲ. ಕೂದಲೆಳೆಯಷ್ಟು ಹಿಂದೆ ಉಳಿದು ಬರುತ್ತದೆ. ಹಾಗೆಂದು ತಾಳ ತಪ್ಪುವುದಿಲ್ಲ, ಜಗ್ಗುವುದೂ ಇಲ್ಲ. ವಾಕ್ಯದ ಕೊನೆ ಮಾತ್ರ ಬೇಕಾದಲ್ಲಿಗೆ ಬಂದು ನಿಲ್ಲುತ್ತದೆ. ಹಿಂದುಸ್ತಾನಿ ಗಾಯನದಲ್ಲಿ ನುರಿತ ಗಾಯಕ ಸಮಕ್ಕೆ ಬರುವುದನ್ನು ಕಾದು ಕುಳಿತು ತಲೆದೂಗುವ ಅಭ್ಯಾಸವಿರುವ ಕೇಳುಗರಿಗೆ, ಜಾಝಿನ ಪರಿಚಯವೇ ಇಲ್ಲದಿದ್ದರೂ, ಈ ಸುಖ ಅಪರಿಚಿತವಲ್ಲ. ನಮ್ಮ ಓದುಗರ ಕೂಟದಲ್ಲಿ ಇದನ್ನೊಮ್ಮೆ ಕೇಳಿಸಿದಾಗ ಹಿರಿಯರೊಬ್ಬರು, ಇಂಗ್ಲಿಷ್ ಸಂಗೀತ ಎಂದರೆ ಗದ್ದಲ ಎಂದುಕೊಂಡಿದ್ದವರು, ‘ಈತನಿಗೆ ಅವಸರವೇ ಇಲ್ಲವಲ್ಲ’ ಎಂದರು. ಪುಟಗಟ್ಟಲೆ ವಿಮರ್ಶೆ ಹೇಳುವುದನ್ನು ಅವರು ಮೂರೇ ಪದಗಳಲ್ಲಿ ಹೇಳಿದ್ದರು.

ಎರಡನೆಯದು ‘ದಿಸ್ ಐ ಡಿಗ್ ಆಫ್ ಯು’, ಮೋಬ್ಲಿಯ ಸ್ವಂತ ರಚನೆ. ಇಂದಿಗೂ ಜಾಝ್ ಕಲಿಯುವ ಹುಡುಗರು ಅಭ್ಯಾಸ ಮಾಡುವ ಪಾಠಗಳಲ್ಲಿ ಇದೂ ಒಂದಾಗಿದೆ. ಇಲ್ಲಿ ಮೊದಲ ಮನೋಧರ್ಮದ ಸರದಿಯನ್ನು ಮೋಬ್ಲಿ ಕೆಲಿಗೆ ಬಿಟ್ಟುಕೊಟ್ಟಿದ್ದಾನೆ. ತನ್ನ ಹೆಸರಿನ ಮುದ್ರಿಕೆಯಲ್ಲಿ ಮೊದಲು ಬೇರೆಯವರಿಗೆ ಬಾಗಿಲು ತೆರೆಯುವ ಸೌಜನ್ಯ ಅದು. ಕೆಲಿಯ ಪಿಯಾನೊದಲ್ಲಿ ಸ್ವರಗಳು ಗೆಜ್ಜೆಯಂತೆ ಬಿಡಿಬಿಡಿಯಾಗಿ ಪುಟಿಯುತ್ತವೆ. ಆಮೇಲೆ ಬರುವ ಮೋಬ್ಲಿ ಒಂದು ಚಿಕ್ಕ ವಾಕ್ಯವನ್ನು ಎತ್ತಿಕೊಂಡು, ಅದರ ಬಾಲವನ್ನು ಹಿಡಿದು ಇನ್ನೊಂದನ್ನು, ಅದರಿಂದ ಮತ್ತೊಂದನ್ನು ಹೆಣೆಯುತ್ತ ಹೋಗುತ್ತಾನೆ. ಹಳೆಯ ತಲೆಯವರು ಕಥೆ ಹೇಳುವಾಗ ಒಂದು ವಿಷಯದಿಂದ ಇನ್ನೊಂದಕ್ಕೆ ಜಾರಿಯೂ ಎಳೆ ಕಡಿಯದಂತೆ ನೋಡಿಕೊಳ್ಳುತ್ತಿದ್ದರಲ್ಲ, ಹಾಗೆ. ಇಡೀ ಮನೋಧರ್ಮವನ್ನು ಬರೆದಿಟ್ಟರೆ ಅದೇ ಒಂದು ಹೊಸ ಕೃತಿಯಾದೀತು. ಕೊನೆಯಲ್ಲಿ ಬ್ಲೇಕಿಯ ತನಿ. ಸಿಡಿಲಿನಂಥ ಉರುಳಿಕೆಗೆ ಹೆಸರಾದ, ಯಾವ ವೇದಿಕೆಯಲ್ಲಿಯೂ ತಾನೇ ನಾಯಕನಾಗಿ ನುಡಿಸುವ ಬ್ಲೇಕಿ ಈ ಮುದ್ರಿಕೆಯುದ್ದಕ್ಕೂ ಪಕ್ಕವಾದ್ಯದ ಮರ್ಯಾದೆಯನ್ನು ಪಾಲಿಸಿರುವುದು ಸಣ್ಣ ವಿಸ್ಮಯವೇ. ಮೋಬ್ಲಿ ವಾಕ್ಯ ಮುಗಿಸುವ ಕಡೆ ಒಂದು ಗುದ್ದು, ಹೊಸದನ್ನು ತೊಡಗುವ ಕಡೆ ಒಂದು ತಟ್ಟು, ಅಷ್ಟೇ. ಐದು ವರ್ಷಗಳ ಪರಿಚಯವಿದ್ದವನಿಗೆ ಮಾತ್ರ ಗೊತ್ತಿರುವಂಥ ಸೂಕ್ಷ್ಮ ಅದು.

ಮೂರನೆಯ ‘ಡಿಗ್ ಡಿಸ್’ ಹನ್ನೆರಡು ಬಾರ್‌ಗಳ ಬ್ಲೂಸ್. ‘ಸ್ಪ್ಲಿಟ್ ಫೀಲಿನ್ಸ್’ ಹೆಸರಿಗೆ ತಕ್ಕಂತೆ ಲ್ಯಾಟಿನ್ ನಡೆಗೂ ಸ್ವಿಂಗ್ ನಡೆಗೂ ನಡುವೆ ಹೊರಳಾಡುವ ಚುರುಕಾದ ರಚನೆ. ಇವೆರಡೂ ಸೊಗಸಾಗಿವೆ, ಆದರೆ ಮುದ್ರಿಕೆಯ ಹೃದಯ ಇರುವುದು ಎರಡನೆಯ ಮಗ್ಗುಲಿನ ನಡುವೆ, ಒಂಬತ್ತು ನಿಮಿಷಗಳಷ್ಟು ಉದ್ದದ ಶೀರ್ಷಿಕೆ ರಚನೆಯಲ್ಲಿ. ಅದರ ವೇಗ ಕೆಲಸ ಮುಗಿಸಿ ಮನೆಗೆ ಹೊರಟವನ ನಡಿಗೆಯದು. ಚೇಂಬರ್ಸ್‌ನ ಬೇಸ್ ಒಂದೊಂದೇ ಹೆಜ್ಜೆ ಇಡುತ್ತದೆ. ಅದರ ಮೇಲೆ ಬ್ಲೂಸಿನ ಬಣ್ಣದ ಸರಳ ಧಾತು. ಈ ಸರಳತೆಯಲ್ಲಿ ಅಪಾಯವೂ ಉಂಟು. ‘ಸೋಲ್’ ಎಂಬ ಹಣೆಪಟ್ಟಿ ಹೊತ್ತು ಆ ವರ್ಷಗಳಲ್ಲಿ ಬಂದ ಮುದ್ರಿಕೆಗಳಲ್ಲಿ ಎಷ್ಟೋ ಇಗರ್ಜಿಯ ಭಾವುಕತೆಯನ್ನು ಸಗಟಾಗಿ ತಂದು ಚಿಲ್ಲರೆಯಾಗಿ ಮಾರಿದವು. ಮೋಬ್ಲಿ ಚೀರುವುದಿಲ್ಲ, ಗೋಗರೆಯುವುದಿಲ್ಲ, ಒಂದೇ ಸ್ವರವನ್ನು ಮತ್ತೆ ಮತ್ತೆ ಕುಟ್ಟಿ ಚಪ್ಪಾಳೆ ಬೇಡುವುದಿಲ್ಲ. ಬ್ಲೂಸಿನ ಅತಿಪರಿಚಿತ ಪದಗಳನ್ನೇ ಬಳಸಿದರೂ ಅವುಗಳ ನಡುವೆ ಬೀಬಾಪಿನ ಒಂದೆರಡು ಜಟಿಲವಾದ ತಿರುವುಗಳನ್ನು, ಯಾರಿಗೂ ತಿಳಿಯದಂತೆ, ಹುದುಗಿಸಿಟ್ಟಿರುತ್ತಾನೆ. ಮೊದಲ ಸಲ ಕೇಳಿದವರಿಗೆ ಇದು ಸುಲಭದ ಸಂಗೀತವೆನಿಸುತ್ತದೆ; ನುಡಿಸಹೋದವರಿಗೆ ಮಾತ್ರ ಅದರ ಕಷ್ಟ ಗೊತ್ತು.

ಕೊನೆಯದು ‘ಇಫ್ ಐ ಶುಡ್ ಲೂಸ್ ಯು’. ರಾಲ್ಫ್ ರೇಂಜರ್ ಮತ್ತು ಲಿಯೊ ರಾಬಿನ್ 1930ರ ದಶಕದಲ್ಲಿ ಚಲನಚಿತ್ರಕ್ಕೆಂದು ಬರೆದ ಹಾಡು. ವಿರಹದ ಹಾಡಾದ್ದರಿಂದ ನಿಧಾನವಾಗಿ ನುಡಿಸಬೇಕೆಂಬ ನಿರೀಕ್ಷೆಯನ್ನು ಮೋಬ್ಲಿ ಇಲ್ಲಿಯೂ ಈಡೇರಿಸುವುದಿಲ್ಲ. ಆರಾಮವಾದ ನಡೆಯಲ್ಲಿ ಸಾಗಿ ಮುದ್ರಿಕೆ ಮುಗಿಯುತ್ತದೆ. ಇಡೀ 37 ನಿಮಿಷಗಳಲ್ಲಿ ಒಂದಾದರೂ ವಿಳಂಬದ ರಚನೆ ಇಲ್ಲದಿರುವುದನ್ನು ಕೊರತೆಯೆಂದು ಎಣಿಸುವವರೂ ಇದ್ದಾರೆ. ನಮಗೆ ಹಾಗೆನಿಸಿಲ್ಲ.

ಇಂಥ ಕೃತಿಗೆ ಬಂದಾಗಲೇ ಯಾಕೆ ದೊಡ್ಡ ಹೆಸರು ಬರಲಿಲ್ಲ? ಬಂದ ಗಳಿಗೆಯನ್ನು ನೋಡಬೇಕು. 1959ರಲ್ಲಿ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಹೊರಬಂದಿತ್ತು. ಆ ನವೆಂಬರಿನಲ್ಲಿ ಆರ್ನೆಟ್ ಕೋಲ್ಮನ್ ನ್ಯೂಯಾರ್ಕಿನ ಫೈವ್ ಸ್ಪಾಟ್‌ಗೆ ಬಂದು, ಜಾಝಿನ ಸ್ವರಸಂಗತಿಯ ಕಟ್ಟನ್ನೇ ಕಳಚಿ ನುಡಿಸಿ ಊರನ್ನು ಎರಡು ಪಕ್ಷಗಳಾಗಿ ಒಡೆದಿದ್ದ. ಕೋಲ್ಟ್ರೇನನ ‘ಜಯಂಟ್ ಸ್ಟೆಪ್ಸ್’ ಅಂಗಡಿಗಳಿಗೆ ಬಂದದ್ದು 1960ರ ಆರಂಭದಲ್ಲಿ. ಸಾನಿ ರಾಲಿನ್ಸ್ ಕೀರ್ತಿಯ ಶಿಖರದಲ್ಲಿದ್ದಾಗಲೇ ವೇದಿಕೆ ಬಿಟ್ಟು ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಒಬ್ಬನೇ ಸಾಧನೆಗೆ ತೊಡಗಿದ್ದ. ಎಲ್ಲರೂ ಮುಂದೇನು ಎಂದು ಕೇಳುತ್ತಿದ್ದ ಕಾಲ. ಚರಿತ್ರಕಾರರಿಗೆ ಇಂಥ ಕಾಲ ಪ್ರಿಯ. ವ್ಯಾಕರಣ ಮುರಿದವರ ಹೆಸರುಗಳು ಅವರ ಕಥೆಗೆ ಮೆಟ್ಟಿಲುಗಳಾಗಿ ಒದಗುತ್ತವೆ. ಇರುವ ವ್ಯಾಕರಣದಲ್ಲಿಯೇ ಅತ್ಯುತ್ತಮ ವಾಕ್ಯ ಬರೆದವನಿಗೆ ಆ ಏಣಿಯಲ್ಲಿ ಮೆಟ್ಟಿಲಿಲ್ಲ. ನವ್ಯದ ಅಬ್ಬರದಲ್ಲಿ ನವೋದಯದ ಧಾಟಿಯಲ್ಲಿಯೇ ಪಕ್ವವಾದ ಕವಿತೆ ಬರೆಯುತ್ತಿದ್ದವರಿಗೆ ನಮ್ಮ ವಿಮರ್ಶೆ ಎಷ್ಟು ಜಾಗ ಕೊಟ್ಟಿತು ಎಂದು ಕೇಳಿಕೊಂಡರೆ ಅಮೆರಿಕದವರನ್ನು ದೂರುವ ಹಕ್ಕು ನಮಗೆ ಹೆಚ್ಚೇನೂ ಉಳಿಯುವುದಿಲ್ಲ.

ಆ ಏಣಿಯ ಮೇಲೆ ಹತ್ತುವ ಅವಕಾಶ ಮೋಬ್ಲಿಗೂ ಒಮ್ಮೆ ಬಂತು, ಅದೇ ಅವನಿಗೆ ಮುಳುವಾಯಿತು. ಕೋಲ್ಟ್ರೇನ್ 1960ರಲ್ಲಿ ಮೈಲ್ಸ್ ಡೇವಿಸ್‌ನ ತಂಡವನ್ನು ಬಿಟ್ಟ. ಒಬ್ಬಿಬ್ಬರು ಬಂದು ಹೋದ ಮೇಲೆ ಆ ಸ್ಥಾನಕ್ಕೆ ಮೋಬ್ಲಿ ಬಂದ. 1961ರ ಮಾರ್ಚಿನಲ್ಲಿ ‘ಸಮ್‌ಡೇ ಮೈ ಪ್ರಿನ್ಸ್ ವಿಲ್ ಕಮ್’ ಮುದ್ರಣವಾಗುವಾಗ ಕೋಲ್ಟ್ರೇನ್ ಅತಿಥಿಯಾಗಿ ಬಂದು ಶೀರ್ಷಿಕೆ ರಚನೆಯಲ್ಲಿಯೇ ನುಡಿಸಿದ. ಒಂದೇ ರಚನೆಯಲ್ಲಿ ಹಳೆಯ ಟೆನರ್ ಮತ್ತು ಹೊಸ ಟೆನರ್. ಜನ ಹೋಲಿಸದೆ ಬಿಟ್ಟಾರೆಯೇ? ಮೋಬ್ಲಿಯ ಭಾಗ ಅಲ್ಲಿ ಮಧುರವಾಗಿದೆ, ಹಾಡಿಗೆ ಹೊಂದಿದೆ. ಆಮೇಲೆ ಕೋಲ್ಟ್ರೇನ್ ಬಂದು ಚಾವಣಿಯನ್ನೇ ಹಾರಿಸುತ್ತಾನೆ. ಅದೇ ವರ್ಷದ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬ್ಲ್ಯಾಕ್‌ಹಾಕ್ ಕ್ಲಬ್ಬಿನಲ್ಲಿ ಮುದ್ರಿಸಿದ ಸಂಗೀತದಲ್ಲಿ ಮೋಬ್ಲಿ ಎಷ್ಟು ಚೆನ್ನಾಗಿ ನುಡಿಸಿದ್ದಾನೆಂದು ಈಗ ಯಾರೂ ಕೇಳಿ ತಿಳಿಯಬಹುದು. ಆದರೆ ಡೇವಿಸ್‌ಗೆ ತೃಪ್ತಿಯಿರಲಿಲ್ಲ. ಮೋಬ್ಲಿಯ ವಾದನ ತನ್ನ ಕಲ್ಪನೆಯನ್ನು ಕೆರಳಿಸಲಿಲ್ಲವೆಂದು 1989ರಲ್ಲಿ ಬಂದ ಆತ್ಮಚರಿತ್ರೆಯಲ್ಲಿ ಆತ ನಿಷ್ಠುರವಾಗಿ ಹೇಳಿದ. ಅದನ್ನು ಓದಲು ಮೋಬ್ಲಿ ಬದುಕಿರಲಿಲ್ಲ.

1960ರ ದಶಕದ ಜಾಝ್ ವಾದಕರ ಬದುಕನ್ನು ಬರೆಯುವಾಗ ಹೆರಾಯಿನ್ನಿನ ಹೆಸರೆತ್ತದೆ ಮುಂದೆ ಸಾಗುವಂತಿಲ್ಲ. ಮೋಬ್ಲಿಯೂ ಅದಕ್ಕೆ ಸಿಕ್ಕವನು. ಆ ಕಾರಣಕ್ಕೆ ಜೈಲನ್ನೂ ಕಂಡ. ಆ ಕಾಲದ ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಕ್ಲಬ್ಬುಗಳಲ್ಲಿ ನುಡಿಸಲು ಪೊಲೀಸರಿಂದ ‘ಕ್ಯಾಬರೆ ಕಾರ್ಡ್’ ಎಂಬ ಪರವಾನಗಿ ಪಡೆಯಬೇಕಿತ್ತು. ಮಾದಕದ್ರವ್ಯದ ಮೊಕದ್ದಮೆಯಲ್ಲಿ ಸಿಕ್ಕವರಿಂದ ಅದನ್ನು ಕಿತ್ತುಕೊಳ್ಳುತ್ತಿದ್ದರು. ಶಿಕ್ಷೆ ಮುಗಿಸಿ ಬಂದವನು ದುಡಿದು ತಿನ್ನುವ ದಾರಿಯನ್ನೇ ಮುಚ್ಚುವ ಈ ವಿಚಿತ್ರ ಕಾನೂನು 1967ರವರೆಗೆ ನಡೆಯಿತು. ಥೆಲೋನಿಯಸ್ ಮಂಕ್‌ನಂಥ ಮೇಧಾವಿಯೂ ಅದರಿಂದ ವರ್ಷಗಟ್ಟಲೆ ತನ್ನ ಊರಿನ ಕ್ಲಬ್ಬುಗಳಿಂದ ಹೊರಗುಳಿದಿದ್ದ. ಇಂಥ ವ್ಯವಸ್ಥೆಯಲ್ಲಿ ಕಲಾವಿದನಿಗೆ ಉಳಿಯುತ್ತಿದ್ದದ್ದು ಸ್ಟುಡಿಯೊ. ಮೋಬ್ಲಿ 1970ರವರೆಗೆ ಬ್ಲೂ ನೋಟ್‌ಗಾಗಿ ತನ್ನ ಹೆಸರಿನಲ್ಲಿಯೇ ಇಪ್ಪತ್ತಕ್ಕೂ ಹೆಚ್ಚು ಮುದ್ರಣಗಳನ್ನು ಮಾಡಿದ; ಬಹುತೇಕ ರಚನೆಗಳೂ ಅವನವೇ.

ಆದರೆ ಮುದ್ರಿಸಿದ್ದೆಲ್ಲ ಬಿಡುಗಡೆಯಾಗಲಿಲ್ಲ. ಸಣ್ಣ ಕಂಪನಿ ತಾನು ಮಾರಬಲ್ಲದ್ದಕ್ಕಿಂತ ಹೆಚ್ಚು ಮುದ್ರಿಸಿಕೊಳ್ಳುತ್ತಿತ್ತು. 1960ರ ದಶಕದ ನಡುವೆ ಅದು ಲಿಬರ್ಟಿ ಎಂಬ ದೊಡ್ಡ ಸಂಸ್ಥೆಗೆ ಮಾರಾಟವಾಯಿತು, 1967ರಲ್ಲಿ ಲಯನ್ ನಿವೃತ್ತನಾದ, 1971ರಲ್ಲಿ ವುಲ್ಫ್ ತೀರಿಕೊಂಡ. ಟೇಪುಗಳು ಕಪಾಟಿನಲ್ಲಿ ಉಳಿದವು. 1961ರಲ್ಲಿ ಕೆಲಿ ಮತ್ತು ಚೇಂಬರ್ಸ್ ಜೊತೆಗೇ ನುಡಿಸಿದ ‘ಅನದರ್ ವರ್ಕೌಟ್’ ಹೊರಬಂದದ್ದು 1985ರಲ್ಲಿ. 1966ರ ‘ಎ ಸ್ಲೈಸ್ ಆಫ್ ದ ಟಾಪ್’, ಎಂಟು ವಾದ್ಯಗಳಿಗೆ ಹೊಂದಿಸಿದ ಅವನ ಮಹತ್ವಾಕಾಂಕ್ಷೆಯ ಕೃತಿ, 1979ರವರೆಗೆ ಕಾಯಿತು. 1970ರಲ್ಲಿ ಮುದ್ರಿಸಿದ ‘ಥಿಂಕಿಂಗ್ ಆಫ್ ಹೋಮ್’ 1980ರವರೆಗೆ. 1973ರಲ್ಲಿ ‘ಡೌನ್ ಬೀಟ್’ ಪತ್ರಿಕೆಯ ಪರವಾಗಿ ಜಾನ್ ಲಿಟ್‌ವೈಲರ್ ಮಾತನಾಡಿಸಿದಾಗ ಮೋಬ್ಲಿಯ ದೂರು ಇದೇ ಆಗಿತ್ತು: ತಾನು ನುಡಿಸಿದ್ದರಲ್ಲಿ ಎಷ್ಟೋ ಭಾಗ ಕಪಾಟಿನಲ್ಲಿ ಬಿದ್ದಿದೆ. ಬರಹಗಾರನ ಹಸ್ತಪ್ರತಿ ಪ್ರಕಾಶಕನ ಮನೆಯಲ್ಲಿ ಗೆದ್ದಲು ಹಿಡಿಯುವುದು ನಮ್ಮಲ್ಲಿ ಹೊಸ ಸುದ್ದಿಯಲ್ಲ. ಆದರೆ ಹಸ್ತಪ್ರತಿಯ ಇನ್ನೊಂದು ಪ್ರತಿಯನ್ನಾದರೂ ಇಟ್ಟುಕೊಳ್ಳಬಹುದು; ಟೇಪಿನ ಮೇಲೆ ವಾದಕನಿಗೆ ಹಿಡಿತವೇ ಇಲ್ಲ.

ಮೋಬ್ಲಿಯ ಕಳೆದ ಶತಮಾನದ ಸಹವಾದಕರಲ್ಲಿ ಇಬ್ಬರು ಬೇಗನೆ ಹೋದರು. ಪಾಲ್ ಚೇಂಬರ್ಸ್ 1969ರ ಜನವರಿಯಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ 33 ವರ್ಷ. ವಿಂಟನ್ ಕೆಲಿ 1971ರ ಏಪ್ರಿಲಿನಲ್ಲಿ ಟೊರಾಂಟೊದಲ್ಲಿ, 39ರ ವಯಸ್ಸಿನಲ್ಲಿ. ಮೋಬ್ಲಿ ಕೆಲಕಾಲ ಯುರೋಪಿನಲ್ಲಿದ್ದ. 1969ರಲ್ಲಿ ಪ್ಯಾರಿಸ್ಸಿನಲ್ಲಿ ‘ದ ಫ್ಲಿಪ್’ ಎಂಬ ಮುದ್ರಿಕೆ ಮಾಡಿದ. 1972ರಲ್ಲಿ ಪಿಯಾನೊ ವಾದಕ ಸೀಡರ್ ವಾಲ್ಟನ್‌ನ ಜೊತೆ ಇನ್ನೊಂದು. 1970ರ ದಶಕದ ನಡುವಿನಲ್ಲಿ ಶ್ವಾಸಕೋಶದ ಕಾಯಿಲೆ ಅವನ ಕೈಯಿಂದ ವಾದ್ಯವನ್ನು ಕೆಳಗಿಡಿಸಿತು. ಊದುವವನ ಉಸಿರಿಗೇ ಕುತ್ತು ಬಂದಿತ್ತು.

ವಿಪರ್ಯಾಸವೆಂದರೆ ಅವನು ನುಡಿಸಲಾಗದೆ ಫಿಲಡೆಲ್ಫಿಯಾದಲ್ಲಿ ಕಷ್ಟದಲ್ಲಿ ದಿನ ದೂಡುತ್ತಿದ್ದ ವರ್ಷಗಳಲ್ಲಿಯೇ ಕಪಾಟಿನ ಟೇಪುಗಳು ಒಂದೊಂದಾಗಿ ಬೆಳಕು ಕಂಡವು. ಜಪಾನಿನ ಕೇಳುಗರು ಅವನ ಹಳೆಯ ಎಲ್‌ಪಿಗಳನ್ನು ಹುಡುಕಿ ಹುಡುಕಿ ಕೊಳ್ಳತೊಡಗಿದರು. ಇಂದು ‘ಸೋಲ್ ಸ್ಟೇಷನ್’ ಹಾರ್ಡ್ ಬಾಪ್ ಎಂದರೇನು ಎಂದು ಕೇಳಿದವರ ಕೈಗೆ ಮೊದಲು ಕೊಡುವ ಮುದ್ರಿಕೆಗಳಲ್ಲಿ ಒಂದು. ಅಲ್ಲಿಯ ವಾಕ್ಯಗಳನ್ನು ಸಂಗೀತ ಶಾಲೆಗಳಲ್ಲಿ ಸ್ವರ ಸ್ವರವಾಗಿ ಬರೆದುಕೊಂಡು ಕಲಿಯುತ್ತಾರೆ. 1985ರ ನವೆಂಬರಿನಲ್ಲಿ ಮತ್ತು 1986ರ ಜನವರಿಯಲ್ಲಿ ನ್ಯೂಯಾರ್ಕಿನ ‘ಆಂಗ್ರಿ ಸ್ಕ್ವೈರ್’ ಎಂಬ ಪುಟ್ಟ ಕ್ಲಬ್ಬಿನಲ್ಲಿ, ಪಾರ್ಕರನ ಕಾಲದ ಪಿಯಾನೊ ವಾದಕ ಡ್ಯೂಕ್ ಜೋರ್ಡನ್ ಜೊತೆಗೆ ಮೋಬ್ಲಿ ವೇದಿಕೆಯ ಮೇಲೆ ಕಾಣಿಸಿಕೊಂಡ. ಅದಾಗಿ ನಾಲ್ಕು ತಿಂಗಳಿಗೆ, ಮೇ 30ರಂದು, ನ್ಯುಮೋನಿಯಾ ತಗುಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡ. ಆಗ ಅವನಿಗೆ 55 ವರ್ಷ. ಎಂಗಲ್‌ವುಡ್ ಕ್ಲಿಫ್ಸ್‌ನ ಆ ಭಾನುವಾರದ ನಾಲ್ವರಲ್ಲಿ ಉಳಿದವನು ಎಲ್ಲರಿಗಿಂತ ಹಿರಿಯನಾದ ಬ್ಲೇಕಿ ಒಬ್ಬನೇ. ಅವನು ಇನ್ನೂ ನಾಲ್ಕು ವರ್ಷ, 1990ರ ಅಕ್ಟೋಬರಿನವರೆಗೆ, ಬದುಕಿದ.